ವರ್ಡೀ ಚೇವಿಸ್‌ಗೆ ನಾನು ‘ವೆರಿ ಗುಡ್’ ಅಂದದ್ದು

೨೦೨೦ರ ಏಪ್ರಿಲ್. ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ ದಿನಗಳು. ನಾನೂ ಅಮೆರಿಕದ ಕ್ಯಾರಿ ಊರಿನ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಟ್ಟಿಯಲ್ಲಿದ್ದ ಹಿರಿಯರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದೆ. ಅವತ್ತಿನ ಆರನೆಯ ಹೆಸರು ವರ್ಡೀ ಚೇವಿಸ್. ವಯಸ್ಸು ಎಂಬತ್ತೆರಡು. ಸಕ್ಕರೆ ಕಾಯಿಲೆ, ಬಿಪಿ. ಒಬ್ಬರೇ ಇರುವುದು.

“ತೂಕ ಎಷ್ಟಿದೆ ಮಿಸ್ ವರ್ಡೀ?” ಅಂತ ಕೇಳಿದೆ.

“ಹೋದ ಸಲಕ್ಕಿಂತ ಇಪ್ಪತ್ತೆರಡು ಪೌಂಡ್ ಇಳಿದಿದೀನಿ,” ಅಂದರು. ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇತ್ತು. ಇಪ್ಪತ್ತೆರಡು ಪೌಂಡ್ ಅಂದರೆ ಹತ್ತು ಕೆಜಿ.

“ವೆರಿ ಗುಡ್! ಹೀಗೇ ಮುಂದುವರಿಸಿ,” ಅಂದೆ. ಕಂಪ್ಯೂಟರಿನಲ್ಲಿ ಅದನ್ನೇ ಟೈಪ್ ಮಾಡಿ ನನ್ನ ಹೆಸರು ಹಾಕಿದೆ. ಒಂಬತ್ತು ನಿಮಿಷದ ಮಾತು. ಆಮೇಲೆ ಏಳನೆಯ ಹೆಸರಿಗೆ ಹೋದೆ.

ನಾನು ಸಾಲೆಹಾ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಗಂಡ ಜಮೀಲ್‌ಗೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ನಾರ್ತ್ ಕ್ಯಾರೊಲಿನಾಗೆ ಬಂದೆವು. ನಾನು ಇಲ್ಲಿ ಮತ್ತೆ ಓದಿ, ಪರೀಕ್ಷೆ ಬರೆದು ಡಯಟೀಶಿಯನ್ ಆದೆ. ಯಾರಿಗೆ ಯಾವ ಊಟ, ಎಷ್ಟು ಊಟ ಅಂತ ಹೇಳುವುದು ನನ್ನ ಕೆಲಸ. ನಾನು ಸೇರಿದ ಹಿರಿಯರ ಆರೋಗ್ಯ ಯೋಜನೆ ನಡೆಯುವುದು ರಾಜ್ಯದ ದಕ್ಷಿಣದ ಅಂಚಿನಲ್ಲಿ, ನಮ್ಮ ಮನೆಯಿಂದ ಎರಡು ಗಂಟೆ ಡ್ರೈವ್. ಅಲ್ಲಿರುವವರು ಲಂಬೀ ಜನ, ಈ ನೆಲದ ಮೂಲನಿವಾಸಿಗಳು. ಅವರ ಹಳೆಯ ಭಾಷೆ ಯಾವ ಕಾಲಕ್ಕೋ ಹೋಗಿದೆ. ಆಡುವುದು ಇಂಗ್ಲಿಷೇ, ಆದರೆ ಅದರಲ್ಲಿ ಅವರದೇ ಒಂದು ಎಳೆತ; ಮೊದಮೊದಲು ನನಗೆ ಅರ್ಧ ತಿಳಿಯುತ್ತಿರಲಿಲ್ಲ.

೨೦೨೧ರ ಜೂನ್‌ನಲ್ಲಿ, ಲಸಿಕೆ ಎಲ್ಲ ಆದ ಮೇಲೆ, ಮನೆಮನೆಗೆ ಹೋಗಬಹುದು ಅಂತ ಹೇಳಿದರು. ಒಂದು ಗುರುವಾರ ಮಿಸ್ ವರ್ಡೀ ಅವರ ಮನೆ ಹುಡುಕಿಕೊಂಡು ಹೋದೆ. ಡಾಂಬರು ಮುಗಿದು ಮರಳು ದಾರಿ, ಎರಡೂ ಕಡೆ ಪೈನ್ ಮರ, ಕೊನೆಯಲ್ಲಿ ಬಿಳಿ ಬಣ್ಣದ ಸಣ್ಣ ಮರದ ಮನೆ. ಪಕ್ಕದಲ್ಲಿ ಸೊಪ್ಪಿನ ಪಾತಿ. ಕಳೆ ತುಂಬಿತ್ತು.

ಬಾಗಿಲು ತೆಗೆದವರನ್ನು ನೋಡಿ ನಾನು ಬೇರೆ ಯಾರದೋ ಮನೆಗೆ ಬಂದೆನೇನೋ ಅಂದುಕೊಂಡೆ. ಫೈಲಿನ ಫೋಟೋದಲ್ಲಿ ತುಂಬುಗೆನ್ನೆಯ, ಅಗಲ ಭುಜದ ಹೆಂಗಸಿದ್ದರು. ಇಲ್ಲಿ ನಿಂತಿದ್ದವರ ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ಜೋತು ಬಿದ್ದಿತ್ತು. ಕೈಗಡಿಯಾರ ಜಾರಬಾರದೆಂದು ಮೊಣಕೈ ಹತ್ತಿರಕ್ಕೆ ಏರಿಸಿಕೊಂಡಿದ್ದರು. ಮದುವೆಯ ಉಂಗುರಕ್ಕೆ ದಾರ ಸುತ್ತಿತ್ತು.

“ಫೋನಿನ ಹುಡುಗಿ ನೀನೇನಾ? ಬಾ ಒಳಗೆ. ನಿನ್ನ ಜನ ಯಾರು?”

ಅಲ್ಲಿ ಹೊಸಬರನ್ನು ಮೊದಲು ಕೇಳುವುದೇ ಅದು. ಮೈಸೂರು, ಅಪ್ಪ ಮೇಷ್ಟ್ರು, ನಾವು ಐದು ಜನ ಮಕ್ಕಳು, ಮುಸ್ಲಿಮರು, ಎಲ್ಲ ಹೇಳಿದೆ. ಅವರು ಕೂತು ಪೂರ್ತಿ ಕೇಳಿದರು. ಆಮೇಲೆ ತಮ್ಮದು ಹೇಳಿದರು. ಹನ್ನೊಂದು ಮಕ್ಕಳಲ್ಲಿ ಇವರು ನಾಲ್ಕನೆಯವರು. ಬೇರೆಯವರ ಹೊಲದಲ್ಲಿ ಹೊಗೆಸೊಪ್ಪು ಕಟ್ಟುತ್ತಾ ಬೆಳೆದವರು. ಆಮೇಲೆ ಇಪ್ಪತ್ತೆಂಟು ವರ್ಷ ಬಟ್ಟೆ ಗಿರಣಿಯಲ್ಲಿ ಹೊಲಿಗೆ, ಗಿರಣಿ ಮುಚ್ಚುವ ತನಕ. ಗಂಡ ತೀರಿಕೊಂಡು ಹದಿನೈದು ವರ್ಷ. ಮಕ್ಕಳಿಲ್ಲ. ಚರ್ಚಿನ ಅಡುಗೆಮನೆ ನಲವತ್ತು ವರ್ಷ ಇವರ ಕೈಯಲ್ಲಿತ್ತು.

“ಬೆಳಿಗ್ಗೆ ಏನು ತಿಂದ್ರಿ?”

“ಒಂದು ಟೋಸ್ಟು. ಬೆಣ್ಣೆ ಇಲ್ಲದೆ.” ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿದರು. “ಮಧ್ಯಾಹ್ನಕ್ಕೆ ಬೇಯಿಸಿದ ಕೋಳಿ, ಚರ್ಮ ತೆಗೆದು. ಉಪ್ಪಿಲ್ಲ. ನಾನು ಹಾಳೆ ಮೀರಲ್ಲ.”

ಹಾಳೆ ಫ್ರಿಜ್ಜಿನ ಬಾಗಿಲ ಮೇಲಿತ್ತು. ೨೦೦೯ರಲ್ಲಿ ಸಕ್ಕರೆ ಕಾಯಿಲೆ ಗೊತ್ತಾದಾಗ ಯಾರೋ ಕೊಟ್ಟದ್ದು. ತಿನ್ನಬಾರದ್ದಕ್ಕೆಲ್ಲ ಕೆಂಪು ಗೀಟು. ಬೆಣ್ಣೆ, ಆಲೂಗಡ್ಡೆ, ಸಿಹಿಗೆಣಸು, ಬಿಸ್ಕಿಟ್, ಮುಸುಕಿನ ಜೋಳದ ರೊಟ್ಟಿ, ಹಂದಿಯ ಉಪ್ಪುಕೊಬ್ಬು, ಬೀನ್ಸ್ ಕೂಡ. ಅವರು ಹುಟ್ಟಿದಾಗಿನಿಂದ ತಿಂದು ಬೆಳೆದದ್ದೆಲ್ಲ ಆ ಹಾಳೆಯಲ್ಲಿ ಕೆಂಪಾಗಿತ್ತು. ಮೂಲೆಗಳು ಹರಿದು, ಎರಡು ಸಲ ಟೇಪ್ ಹಾಕಿದ್ದರು.

ಫ್ರೀಜರ್ ತೆಗೆದೆ. ಯೋಜನೆಯವರು ವಾರವಾರ ತಂದು ಇಡುತ್ತಿದ್ದ ಊಟದ ಪೊಟ್ಟಣಗಳು ಇಟ್ಟಿಗೆ ಪೇರಿಸಿದ ಹಾಗೆ ಕೂತಿದ್ದವು.

“ಇವನ್ನ ಯಾಕೆ ತಿಂದಿಲ್ಲ?”

“ಹಲ್ಲಿನ ಸೆಟ್ಟು ಸಡಿಲ ಆಗಿದೆ, ಅಗಿಯೋಕಾಗಲ್ಲ. ಆಮೇಲೆ…” ಫ್ರೀಜರ್ ಬಾಗಿಲು ಮುಚ್ಚಿದರು. “ಹಿರಿಯರ ಊಟದ ಹಾಲ್ ಮುಚ್ಚಿದ ಮೇಲೆ ಒಬ್ಬಳೇ ತಿನ್ನಬೇಕು. ಮೊದಲು ತಂಗಿ ಲೆಟೀ ಬರ್ತಿದ್ಲು. ಜನವರಿಯಲ್ಲಿ ಕೋವಿಡ್‌ನಲ್ಲಿ ಹೋದಳು. ಆಸ್ಪತ್ರೆ ಕಿಟಕಿ ಆಚೆಯಿಂದ ನೋಡಿದ್ವಿ. ಊಟದ ಗಾಡಿಯವನು ಪೊಟ್ಟಣ ಮೆಟ್ಟಿಲ ಮೇಲಿಟ್ಟು ದೂರದಿಂದ ಕೈ ಬೀಸ್ತಾನೆ. ಒಳ್ಳೆಯವನೇ, ಪಾಪ.”

ಅಳತೆಯ ಟೇಪ್ ತೆಗೆದು ಅವರ ಮೀನಖಂಡ ಅಳೆದೆ. ಇಪ್ಪತ್ತೇಳು ಸೆಂಟಿಮೀಟರ್. ಮೂವತ್ತೊಂದಕ್ಕಿಂತ ಕಡಿಮೆಯಿದ್ದರೆ ಯೋಚಿಸಬೇಕಾದದ್ದು ಅಂತ ನಮಗೆ ಕಲಿಸಿದ್ದರು. ಕೈ ಊರದೆ ಕುರ್ಚಿಯಿಂದ ಏಳಿ ಅಂದೆ. ಎರಡು ಸಲ ಪ್ರಯತ್ನಪಟ್ಟರು, ಆಗಲಿಲ್ಲ. ತೂಕ ನಲವತ್ತೇಳು ಕೆಜಿ. ಮೂರು ವರ್ಷದ ಹಿಂದೆ ಎಂಬತ್ತಿತ್ತು.

“ಚೆನ್ನಾಗಿ ಇಳಿದಿದೀನಿ ಅಲ್ವಾ?” ಅಂತ ಕೇಳಿದರು.

ನಾನು ಟೇಪ್ ಸುತ್ತಿದೆ. ಮುಂದಿನ ವಾರ ಬರುತ್ತೇನೆ ಅಂತ ಹೇಳಿ ಕಾರಿಗೆ ಬಂದು ಫೈಲು ತೆಗೆದೆ. ಅಲ್ಲಿ ನನ್ನದೇ ಬರಹ: ತೂಕ ಇಳಿಕೆ, ಒಳ್ಳೆಯ ಬೆಳವಣಿಗೆ, ಮುಂದುವರಿಸಲು ಪ್ರೋತ್ಸಾಹಿಸಲಾಯಿತು. ಕೆಳಗೆ ನನ್ನ ಹೆಸರು, ತಾರೀಖು. ದಪ್ಪಗಿದ್ದವರು ಸಣ್ಣಗಾದರೆ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಂಬತ್ತು ದಾಟಿದವರ ಮೈಯಿಂದ ಹೋಗುವುದು ಕೊಬ್ಬಿಗಿಂತ ಹೆಚ್ಚಾಗಿ ಮಾಂಸಖಂಡ. ಅದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ.

ಮನೆಯಲ್ಲಿ ಊಟದ ಹೊತ್ತಿಗೆ ಜಮೀಲ್‌ಗೆ ಹೇಳಿದೆ. “ಆ ಟೈಮಲ್ಲಿ ಯಾರು ತಾನೇ ಸರಿಯಾಗಿ ನೋಡೋಕಾಗ್ತಿತ್ತು? ಫೋನಲ್ಲಿ ಎಲ್ಲಿ ಕಾಣತ್ತೆ?” ಅಂದರು. ಸಮಾಧಾನಕ್ಕೆ ಹೇಳಿದ್ದು, ಸುಳ್ಳೂ ಅಲ್ಲ. ಆದರೆ ಹದಿನಾಲ್ಕು ವರ್ಷದ ಮಗಳು ನಿದಾ ತಟ್ಟೆಯಿಂದ ತಲೆ ಎತ್ತಿದಳು.

“ಅಮ್ಮೀ, ಡಿಡ್ ಯೂ ಸೇ ಸಾರಿ?”

ಹೇಳಿರಲಿಲ್ಲ.

ಮುಂದಿನ ಗುರುವಾರ ಮಿಸ್ ವರ್ಡೀ ನನಗೂ ಕಾಫಿ ಮಾಡಿಟ್ಟಿದ್ದರು. ಕೂತ ಕೂಡಲೇ ಹೇಳಿಬಿಟ್ಟೆ.

“ಮಿಸ್ ವರ್ಡೀ, ಹೋದ ವರ್ಷ ಫೋನಿನಲ್ಲಿ ನಿಮ್ಮ ತೂಕ ಇಳಿದದ್ದು ಕೇಳಿ ವೆರಿ ಗುಡ್ ಅಂದವಳು ನಾನೇ. ಅದು ನನ್ನ ತಪ್ಪು. ಯಾಕೆ ಇಳೀತಿದೆ ಅಂತ ಕೇಳಬೇಕಿತ್ತು, ಕೇಳಲಿಲ್ಲ. ನಿಮಗೆ ಊಟ ಸಾಲ್ತಿಲ್ಲ. ಮೈಯಲ್ಲಿ ಶಕ್ತಿ ಕರಗ್ತಾ ಇದೆ. ಆ ಹಾಳೆ ನಿಮಗೆ ಈಗ ಸಲ್ಲೋದಲ್ಲ.”

ಅವರು ಲೋಟ ಕೆಳಗಿಟ್ಟರು.

“ಹನ್ನೆರಡು ಕ್ರಿಸ್‌ಮಸ್,” ಅಂದರು ಮೆಲ್ಲಗೆ. “ಹನ್ನೆರಡು ಕ್ರಿಸ್‌ಮಸ್ ನಾನು ಸಿಹಿಗೆಣಸಿನ ಪೈ ಮಾಡಿ ಚರ್ಚಿನವರಿಗೆಲ್ಲ ಬಡಿಸಿದೀನಿ. ಬೆರಳೂ ನೆಕ್ಕಿಲ್ಲ. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆಯಲ್ಲಿ ಎರಡೂ ಕಾಲು ತೆಗೆದರು. ನನ್ನ ಅಕ್ಕನಿಗೆ ಒಂದು. ಆಕೆಯನ್ನ ಎತ್ತಿ ಸ್ನಾನ ಮಾಡಿಸ್ತಿದ್ದೋಳು ನಾನು. ನನ್ನ ಕಾಲು ಉಳಿಸ್ಕೋಬೇಕು ಅಂತ ಹಾಳೆಯಲ್ಲಿ ಬರೆದದ್ದು ಒಂದೂ ಮೀರಲಿಲ್ಲ. ಈಗ ನೀನು ಬಂದು ತಿನ್ನು ಅಂತೀಯ?”

“ಹೌದು.”

“ಹಾಗಾದ್ರೆ ಹಾಳೆ ಸುಳ್ಳಾ?”

“ಕೊಟ್ಟಾಗ ಸುಳ್ಳಾಗಿರಲಿಲ್ಲ. ನಿಮಗೆ ವಯಸ್ಸಾಯ್ತು, ಮೈ ಬದಲಾಯ್ತು.”

“ಬದಲಾಗಿದೆ ಅಂತ ನನಗೆ ಯಾರು ಹೇಳಬೇಕಿತ್ತು?”

“ನಾನು.”

ಅವರು ಲೋಟಗಳನ್ನು ಎತ್ತಿ ಸಿಂಕಿಗೆ ಹಾಕಿದರು. ಬೈಯಲಿಲ್ಲ. “ಇವತ್ತು ಹೊರಡು,” ಅಂದರು, ಅಷ್ಟೇ.

ಆ ವಾರ ನಾನು ಅವರ ಡಾಕ್ಟರಿಗೆ ಫೋನ್ ಮಾಡಿದೆ. ಅವರು ರಕ್ತದ ರಿಪೋರ್ಟ್ ತೆಗೆದು ನೋಡಿದರು. ಇಷ್ಟು ಕಡಿಮೆ ತಿನ್ನುವವರಿಗೆ ಹಳೆಯ ಪ್ರಮಾಣದಲ್ಲೇ ಸಕ್ಕರೆ ಕಾಯಿಲೆಯ ಮಾತ್ರೆ ಹೋಗುತ್ತಿತ್ತು. ಬೆಳಿಗ್ಗೆ ಎದ್ದಾಗ ತಲೆ ಸುತ್ತುತ್ತದೆ ಅಂತ ಮಿಸ್ ವರ್ಡೀ ಹೇಳುತ್ತಿದ್ದದ್ದು ವಯಸ್ಸಿಗಲ್ಲ, ಸಕ್ಕರೆ ಕೆಳಗಿಳಿದು. ಡಾಕ್ಟರು ಒಂದು ಮಾತ್ರೆ ನಿಲ್ಲಿಸಿದರು, ಇನ್ನೊಂದನ್ನು ಅರ್ಧಕ್ಕೆ ಇಳಿಸಿದರು. “ಏನು ಬೇಕೋ ತಿನ್ನಲಿ, ತಿಂದರೆ ಸಾಕು,” ಅಂದರು.

ಮೂರನೆಯ ಗುರುವಾರ ಹೋದಾಗ ಅವರ ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರು. ಐವತ್ತರ ಹತ್ತಿರದ ಹೆಂಗಸು, ಶಾಲೆಯ ಟೀಚರ್. ಲೆಟೀ ಅವರ ಮಗಳು ಟೆರೀಸಾ.

“ನನಗೆ ಹೇಳಿದ್ದನ್ನ ಇವಳ ಮುಂದೆ ಹೇಳು,” ಅಂದರು ಮಿಸ್ ವರ್ಡೀ.

ಹೇಳಿದೆ. ಮೊದಲನೆಯ ಸಲಕ್ಕಿಂತ ಕಷ್ಟವಾಯಿತು. ಟೆರೀಸಾ ಕಣ್ಣು ಕೆಂಪಾಯಿತು. “ನಾನು ಪ್ರತಿ ಭಾನುವಾರ ಬಂದು ನೋಡ್ತಿದ್ದೆ. ಸಣ್ಣ ಆಗ್ತಿದೀರಿ ಆಂಟಿ ಅಂದ್ರೆ, ಡಯಟ್ ಹುಡುಗಿಗೆ ತುಂಬಾ ಖುಷಿಯಾಗಿದೆ ಅಂತಿದ್ರು. ನಿಮ್ಮ ಮಾತು ಅಂತ ನಾನು ಸುಮ್ಮನಾದೆ.”

ನಾನು ಸಮಜಾಯಿಷಿ ಹೇಳಬಹುದಿತ್ತು. ಹೇಳುವ ಮನಸ್ಸಾಗಲಿಲ್ಲ.

ಆಗ ಮಿಸ್ ವರ್ಡೀ ನಿಧಾನ ಎದ್ದು, ಮೇಜು ಹಿಡಿದು ಫ್ರಿಜ್ಜಿನ ತನಕ ಹೋದರು. ಹಾಳೆ ಕಿತ್ತು, ನಾಲ್ಕಾಗಿ ಮಡಚಿ, ಒಲೆಯ ಪಕ್ಕದ ಡ್ರಾದಲ್ಲಿ ಹಾಕಿದರು. ಬಿಸಾಡಲಿಲ್ಲ.

“ಬಂದು ತಪ್ಪಾಯ್ತು ಅಂದೆ. ನನಗೆ ಯಾವ ಆಫೀಸಿನವರೂ ಹಾಗೆ ಹೇಳಿದ್ದಿಲ್ಲ,” ಅಂದರು. “ಈಗ ಕೇಳು. ನಾನು ತಿನ್ನಬೇಕು ಅಂದ್ರೆ ಎದುರಿಗೆ ಒಬ್ಬರು ಕೂತಿರಬೇಕು. ಒಬ್ಬಳೇ ಕೂತ್ರೆ ಗಂಟಲಲ್ಲಿ ಇಳಿಯಲ್ಲ. ನೀನು ಕೂರ್ತೀಯ?”

ಹೀಗೆ ಗುರುವಾರದ ಊಟ ಶುರುವಾಯಿತು. ಅವರ ಕಡೆಯ ಮುಖ್ಯ ಸೊಪ್ಪು ಕೊಲಾರ್ಡ್. ಕೋಸಿನ ಜಾತಿಯದು, ಎಲೆ ದಪ್ಪ. ಹಂದಿಯ ಉಪ್ಪುಕೊಬ್ಬು ಹಾಕಿ ಗಂಟೆಗಟ್ಟಲೆ ಬೇಯಿಸಿ, ಕಾವಲಿಯಲ್ಲಿ ಎಣ್ಣೆ ಬಿಟ್ಟು ಸುಟ್ಟ ಎರಡು ಮುಸುಕಿನ ಜೋಳದ ರೊಟ್ಟಿಯ ಮಧ್ಯೆ ಇಟ್ಟು ತಿನ್ನುತ್ತಾರೆ. ನಾನು ಹಂದಿ ತಿನ್ನುವುದಿಲ್ಲ ಅಂದದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ, ಯೋಚನೆಗೆ ಬಿದ್ದರು. ಮುಂದಿನ ವಾರ ಒಲೆಯ ಮೇಲೆ ಎರಡು ಪಾತ್ರೆ ಇತ್ತು. ಒಂದು ಅವರದು. ಇನ್ನೊಂದು ಹೊಸದು, ಟೆರೀಸಾ ಕೈಲಿ ತರಿಸಿದ್ದು. ಅದರಲ್ಲಿ ಎಣ್ಣೆ, ಈರುಳ್ಳಿ, ಒಣಮೆಣಸಿನಕಾಯಿ. “ಇದಕ್ಕೆ ಹಂದಿಯ ಸೋಂಕೂ ತಾಗಿಲ್ಲ. ಸೌಟೂ ಬೇರೆ,” ಅಂತ ಸೌಟು ಎತ್ತಿ ತೋರಿಸಿದರು.

ನಾನು ಬರುತ್ತೇನೆ ಅಂತ ಬುಧವಾರವೇ ಸೊಪ್ಪು ತೊಳೆದಿಡುತ್ತಿದ್ದರು. ಅಡುಗೆ ಮಾಡುವಾಗ ರುಚಿ ನೋಡುತ್ತಿದ್ದರು. ರುಚಿ ನೋಡುತ್ತಾ ನಾಲ್ಕು ಚಮಚ ಒಳಗೆ ಹೋಗುತ್ತಿತ್ತು. ಉಳಿದದ್ದನ್ನು ಶುಕ್ರವಾರ ತಿನ್ನುತ್ತಿದ್ದರು. ಟೆರೀಸಾ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೆಟ್ಟು ಸರಿಮಾಡಿಸಿದರು. ನಾನು ಪುಸ್ತಕದಲ್ಲಿ ಓದಿದ್ದ ಪ್ರೊಟೀನ್ ಪುಡಿಯನ್ನೂ ಒಯ್ದಿದ್ದೆ. ಅದನ್ನು ಒಂದು ದಿನ ಕುಡಿದು, “ಸುಣ್ಣದ ನೀರು” ಅಂದು ಪಕ್ಕಕ್ಕಿಟ್ಟರು. ಅದರ ಬದಲು ಮೊಟ್ಟೆ, ಬೀನ್ಸ್, ಹಾಲು ಹಾಕಿದ ಮುಸುಕಿನ ಜೋಳದ ಗಂಜಿ ಅಂತ ಒಪ್ಪಂದವಾಯಿತು.

೨೦೨೨ರ ಏಪ್ರಿಲ್‌ನಲ್ಲಿ ರಂಜಾನ್ ಬಂತು. ಉಪವಾಸ ಇದೀನಿ, ಇವತ್ತು ಊಟ ಬೇಡ ಅಂದೆ. ಅವರಿಗೆ ನಿಜವಾಗಿ ಸಿಟ್ಟು ಬಂತು.

“ನನಗೆ ತಿನ್ನು ತಿನ್ನು ಅಂತ ಜೀವ ತೆಗೀತೀಯ, ನೀನು ನೀರೂ ಕುಡಿಯಲ್ವಾ?”

“ಸಂಜೆ ಸೂರ್ಯ ಮುಳುಗಿದ ಮೇಲೆ ತಿಂತೀನಿ ಮಿಸ್ ವರ್ಡೀ.”

“ದೇವರಿಗಾಗಿನಾ?”

“ಹೌದು.”

“ದೇವರಿಗೆ ಅಂದ್ರೆ ನಾನು ಏನೂ ಹೇಳಲ್ಲ,” ಅಂತ ರೊಟ್ಟಿ, ಸೊಪ್ಪು ಎಲ್ಲ ಫಾಯಿಲ್‌ನಲ್ಲಿ ಸುತ್ತಿ, ಟವೆಲ್ಲಿನಲ್ಲಿ ಕಟ್ಟಿ ನನ್ನ ಕಾರಿನ ಸೀಟಿನ ಮೇಲೆ ಇಡಿಸಿದರು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು, ತಮ್ಮ ತಟ್ಟೆಯಲ್ಲಿದ್ದದ್ದನ್ನು ಒಂದು ತುಣುಕೂ ಬಿಡದೆ ತಿಂದರು. ಅವತ್ತು ಸಂಜೆ ಕ್ಯಾರಿಯಲ್ಲಿ ಖರ್ಜೂರದ ಜೊತೆ ನಾವು ಮೂವರೂ ಅದನ್ನೇ ಹಂಚಿಕೊಂಡೆವು.

ಆ ವರ್ಷದ ಕೊನೆಗೆ ಅವರ ತೂಕ ಐವತ್ತೆರಡಕ್ಕೆ ಬಂತು. ಕೈ ಊರದೆ ಕುರ್ಚಿಯಿಂದ ಎದ್ದರು, ಒಂದೇ ಸಲ, ಮಂಡಿ ನಡುಗುತ್ತಾ. ನಾನು ಕುಣಿಯುವುದೊಂದು ಬಾಕಿ. ಆದರೆ ಹೋದ ಶಕ್ತಿಯೆಲ್ಲ ವಾಪಸು ಬರಲಿಲ್ಲ. ಈ ವಯಸ್ಸಿನಲ್ಲಿ ಬರುವುದಿಲ್ಲ. ಒಂದು ವರ್ಷ ಮೊದಲೇ ನಾನು ಕೇಳಿದ್ದರೆ ಎಷ್ಟು ಉಳಿಯುತ್ತಿತ್ತು ಅನ್ನುವ ಲೆಕ್ಕ ಯಾರೂ ಹೇಳಲಾರರು.

ಒಂದು ಗುರುವಾರ ಅವರು ಊಟ ಮುಗಿಸಿ, “ಬರ್ಕೋ,” ಅಂದರು. “ನದಿ ಹತ್ತಿರ ಇರೋ ಪರ್ಸೆಲ್. ಅವನ ಪ್ಯಾಂಟಿಗೆ ಈಗ ಹಗ್ಗ ಕಟ್ಟಿರ್ತಾನೆ, ಚರ್ಚಲ್ಲಿ ನೋಡಿದೆ. ಸೇತುವೆ ಆಚೆ ಇಬ್ಬರು ಅಕ್ಕತಂಗಿಯರು. ಅವರ ಮನೆ ಒಲೆ ಹೊಗೆ ನೋಡಿ ಎಷ್ಟು ದಿನ ಆಯ್ತೋ.” ಏಳು ಹೆಸರು ಹೇಳಿದರು. ಆಫೀಸಿನಲ್ಲಿ ಆ ಏಳು ಫೈಲು ತೆಗೆದೆ. ನಾಲ್ಕರಲ್ಲಿ ತೂಕ ಇಳಿಕೆ ಒಳ್ಳೆಯ ಬೆಳವಣಿಗೆ ಅಂತ ಬರೆದಿತ್ತು. ಅದರಲ್ಲಿ ಎರಡರ ಕೆಳಗೆ ನನ್ನದೇ ಹೆಸರು. ಮ್ಯಾನೇಜರ್ ಮುಂದೆ ಇಟ್ಟೆ. ನಮ್ಮ ಫಾರಂ ಬದಲಾಯಿತು. ಎಪ್ಪತ್ತು ದಾಟಿದ ಯಾರದೇ ತೂಕ ಇಳಿದಿದ್ದರೂ ಈಗ ಮನೆಗೆ ಹೋಗಿ ನೋಡಲೇಬೇಕು, ಯಾರ ಜೊತೆ ಊಟ ಮಾಡ್ತೀರಿ ಅಂತ ಕೇಳಲೇಬೇಕು. ಊಟದ ಹಾಲ್ ಮತ್ತೆ ತೆರೆಯಿತು. ಮಿಸ್ ವರ್ಡೀ ವಾರಕ್ಕೆ ಎರಡು ದಿನ ಹೋಗಿ ಅಡುಗೆಯವರಿಗೆ ತಪ್ಪು ತೋರಿಸುತ್ತಿದ್ದರು.

೨೦೨೪ರ ಸೆಪ್ಟೆಂಬರಿನಲ್ಲಿ ಅವರು ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ನಾನು ಮೂರನೆಯ ದಿನ ಆಸ್ಪತ್ರೆಗೆ ಹೋದಾಗ ಎದುರಿಗಿದ್ದ ಟ್ರೇಯಲ್ಲಿ ಉಪ್ಪಿಲ್ಲದ ಕೋಳಿ, ಸಕ್ಕರೆಯಿಲ್ಲದ ಜೆಲ್ಲಿ. ಹಳೆಯ ರೆಕಾರ್ಡ್ ನೋಡಿ ಸಕ್ಕರೆ ಕಾಯಿಲೆಯ ಊಟ ಅಂತ ಕಳಿಸಿದ್ದರು. ಮಿಸ್ ವರ್ಡೀ ಮುಟ್ಟಿರಲಿಲ್ಲ.

ನರ್ಸ್ ಹತ್ತಿರ, ಅಲ್ಲಿಯ ಡಯಟೀಶಿಯನ್ ಹತ್ತಿರ, ಡಾಕ್ಟರ ಹತ್ತಿರ ಹೋದೆ. ಮೂರು ಗಂಟೆ ಆಯಿತು. ಆ ಡಯಟೀಶಿಯನ್ ಚಿಕ್ಕ ವಯಸ್ಸಿನ ಹುಡುಗಿ. “ನನಗೆ ಗೊತ್ತಾಗಲಿಲ್ಲ,” ಅಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಮುಖ ಇತ್ತು? ಊಟ ಬದಲಾಯಿಸಿದಳು. ಟೆರೀಸಾ ಮನೆಯಿಂದ ಸಿಹಿಗೆಣಸು ಬೇಯಿಸಿ ಬೆಣ್ಣೆ ಹಾಕಿ ಹಿಸುಕಿ ತಂದರು. ಮಿಸ್ ವರ್ಡೀ ಎರಡು ಚಮಚ ತಿಂದರು.

“ಚೆನ್ನಾಗಿದೆಯಾ ಆಂಟಿ?”

“ಜಾಯಿಕಾಯಿ ಜಾಸ್ತಿ ಆಯ್ತು,” ಅಂದರು. ಟೆರೀಸಾ ನಕ್ಕು, ಕಿಟಕಿ ಕಡೆ ತಿರುಗಿ ಅತ್ತರು.

ಆಮೇಲೆ ನ್ಯುಮೋನಿಯಾ ಬಂತು. ಕೊನೆಯ ಸಲ ನಾನು ಹೋದಾಗ ಮಾತು ಬಹಳ ಕಡಿಮೆಯಾಗಿತ್ತು. ಕಂಬಳಿ ಸರಿಮಾಡಲು ಹೋದೆ. ಅವರು ಕಾಲಿನ ಬೆರಳು ಆಡಿಸಿದರು. “ಎರಡೂ ಇದೆ,” ಅಂದರು. ಹೌದು, ಎರಡೂ ಇದೆ ಅಂದೆ. ಅಕ್ಟೋಬರ್ ಹದಿನೇಳು, ಗುರುವಾರ ಬೆಳಿಗ್ಗೆ ತೀರಿಕೊಂಡರು. ಎಂಬತ್ತಾರು ವರ್ಷ.

ಚರ್ಚ್ ಪೂರ್ತಿ ತುಂಬಿತ್ತು. ಜಮೀಲ್, ನಿದಾ ಇಬ್ಬರೂ ಬಂದಿದ್ದರು. ಹಾಡು ಎಷ್ಟು ಗಟ್ಟಿಯಾಗಿ ಹಾಡಿದರೆಂದರೆ ಬೆಂಚು ಅದುರುತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ ಹಾಲ್‌ನಲ್ಲಿ ಊಟ. ಹೆಂಗಸರು ತಟ್ಟೆ ತುಂಬಾ ಬಡಿಸುತ್ತಿದ್ದರು. ಟೆರೀಸಾ ನಮ್ಮನ್ನು ಮನೆಯವರ ಮೇಜಿಗೆ ಕರೆದರು. ಅಲ್ಲಿ ಒಂದು ಗಾಜಿನ ಪಾತ್ರೆಯ ಮೇಲೆ ಚೀಟಿ ಅಂಟಿಸಿತ್ತು: ಹಂದಿ ಇಲ್ಲ. ಯಾರು ಬರೆದದ್ದೋ, ಕೇಳಲಿಲ್ಲ.

ಎದುರು ಸಾಲಿನ ಕೊನೆಯಲ್ಲಿ ಮುದುಕರೊಬ್ಬರು ಒಬ್ಬರೇ ಕೂತಿದ್ದರು. ಕೋಟಿನ ಭುಜ ಅವರ ಭುಜಕ್ಕಿಂತ ನಾಲ್ಕು ಬೆರಳು ಹೊರಗಿತ್ತು. ತಟ್ಟೆಯಲ್ಲಿದ್ದದ್ದನ್ನು ಫೋರ್ಕಿನಿಂದ ಆಚೀಚೆ ಸರಿಸುತ್ತಿದ್ದರು, ಬಾಯಿಗೆ ಹೋಗುತ್ತಿರಲಿಲ್ಲ. ನಾನು ನನ್ನ ತಟ್ಟೆ ಎತ್ತಿಕೊಂಡು ಹೋಗಿ, ಅವರ ಎದುರಿನ ಕುರ್ಚಿ ಎಳೆದು, “ಇಲ್ಲಿ ಕೂರಬಹುದಾ ಸರ್?” ಅಂದೆ.